ಬಾವುಟಗಳ ಮೆರವಣಿಗೆಯಲ್ಲಿ ಮನೆಮಾತು

ಕಳೆದ ತಿಂಗಳು ಕೊಥ್ರೂಡಿನಲ್ಲಿರುವ ಮಿತ್ರರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಬರುವ ಹೊತ್ತಿಗೆ ಅವರ ಮನೆಯಾಕೆ ಒಳಗಿನಿಂದ ಒಂದು ಬಣ್ಣಬಣ್ಣದ ಪುಸ್ತಕ ತಂದು ನಮ್ಮ ಕೈಗಿತ್ತರು. ಮಗಳು ಓದುವ ಇಂಟರ್‌ನ್ಯಾಷನಲ್ ಶಾಲೆಯ ವಾರ್ತಾಪತ್ರ ಅದು. ವರ್ಷಕ್ಕೆ ಮೂರು ಸಲ ಅಚ್ಚಾಗಿ ಮನೆಗೆ ಬರುತ್ತದಂತೆ. ಏಳನೆಯ ಪುಟದಲ್ಲಿ ಮಗಳ ಚಿತ್ರವಿತ್ತು. ಶಾಲೆಯ 'ಅಂತರರಾಷ್ಟ್ರೀಯ ದಿನ'ದಂದು ಇಳಕಲ್ಲ ಸೀರೆಯುಟ್ಟು, ಕೈಯಲ್ಲಿ ಜೋಳದ ರೊಟ್ಟಿಯ ತಟ್ಟೆ ಹಿಡಿದು, ಸಾಲಾಗಿ ಕಟ್ಟಿದ ದೇಶದೇಶಗಳ ಬಾವುಟಗಳ ಕೆಳಗೆ ನಿಂತಿದ್ದಳು. ಧಾರವಾಡದಿಂದ ಬಂದಿದ್ದ ಅಜ್ಜಿ ಕನ್ನಡಕ ಏರಿಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಸೀರಿ ಚಂದ ಉಟ್ಟೀಯವಾ. ಏನ್ ಹಾಡು ಹೇಳಿದಿ ಅಲ್ಲೆ?"

"ಹಾಡು ಇರ್ಲಿಲ್ಲ ಅಜ್ಜಿ. ಓನ್ಲಿ ಡ್ರೆಸ್."

"ಮಾತೂ ಆಡಲಿಲ್ಲೇನು?"

"ಇಲ್ಲ. ಸುಮ್ನೆ ನಿಂತ್ಕೊಳ್ಳೋದು. ಫೋಟೋ ತೆಗೀತಾರೆ."

"ಹಂಗಾದ್ರ ಗೊಂಬಿ ನಿಲ್ಲಿಸಿಧಂಗಾತಲ್ಲ!"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಬಸ್ಸಿನಲ್ಲಿ ಮನೆಗೆ ಮರಳುವಾಗ ಆ ಮಾತು ತಲೆಯಿಂದ ಇಳಿಯಲಿಲ್ಲ. ವಾರ್ತಾಪತ್ರವನ್ನು ಕೇಳಿ ಪಡೆದು ತಂದಿದ್ದೆವು. ವಿಮರ್ಶೆಗೆ ಬಂದ ಪುಸ್ತಕವನ್ನು ಓದುವ ಹಾಗೆ ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆವು. ಕಾದಂಬರಿ, ಕವನ ಸಂಕಲನಗಳ ವಿಮರ್ಶೆ ಬರುವ ಈ ಪುಟದಲ್ಲಿ ಶಾಲೆಯ ವಾರ್ತಾಪತ್ರಕ್ಕೇನು ಕೆಲಸ ಎಂದು ವಾಚಕರು ಕೇಳಬಹುದು. ನಮ್ಮ ಮನೆಗಳಲ್ಲಿ ಇಂದು ಯಾವ ಕಾದಂಬರಿಯನ್ನೂ ಇಷ್ಟು ಶ್ರದ್ಧೆಯಿಂದ ಓದುವವರಿಲ್ಲ. ತಂದೆ ಓದುತ್ತಾರೆ, ತಾಯಿ ಓದುತ್ತಾರೆ, ಊರಿನಲ್ಲಿರುವ ಸೋದರಮಾವನಿಗೆ ವಾಟ್ಸಪ್ಪಿನಲ್ಲಿ ಪುಟಗಳು ಹೋಗುತ್ತವೆ. ಇಷ್ಟು ಮಂದಿ ಓದುವ ಬರಹವನ್ನು ವಿಮರ್ಶಕರು ಮುಟ್ಟದೆ ಬಿಡುವುದು ಸರಿಯಲ್ಲ. ಶಾಲೆಯ ಹೆಸರನ್ನು ನಾವು ಹೇಳುವುದಿಲ್ಲ. ಇಂಥ ನಾಲ್ಕು ಶಾಲೆಗಳ ವಾರ್ತಾಪತ್ರಗಳ ರಕ್ಷಾಪುಟ ಕಿತ್ತು ಅದಲುಬದಲು ಮಾಡಿದರೆ ಯಾರಿಗೂ ಗೊತ್ತಾಗಲಾರದು.

ಮೊದಲು ಗುಣಗಳನ್ನು ಹೇಳೋಣ. 24 ಪುಟಗಳ ಸಂಚಿಕೆ. ಅಚ್ಚು ಅಂದವಾಗಿದೆ, ಕಾಗದ ದಪ್ಪವಾಗಿದೆ, ಕಾಗುಣಿತದ ತಪ್ಪುಗಳಿಲ್ಲ. ನಮ್ಮ ಕಾಲದ ಶಾಲಾ ವಾರ್ಷಿಕ ಸಂಚಿಕೆಗಳಲ್ಲಿ ಮುಖ್ಯೋಪಾಧ್ಯಾಯರ ಭಾವಚಿತ್ರ, ಆಡಳಿತ ಮಂಡಳಿಯ ಭಾವಚಿತ್ರ, ಆಮೇಲೆ ಜಾಗ ಮಿಕ್ಕರೆ ಮಕ್ಕಳು. ಇಲ್ಲಿ ಪುಟಪುಟದಲ್ಲಿಯೂ ಮಕ್ಕಳೇ ಇದ್ದಾರೆ. ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಹುಡುಗರ ತಂಡದಷ್ಟೇ ಜಾಗ ಸಿಕ್ಕಿದೆ. ವಿಜ್ಞಾನದ ಪ್ರಯೋಗ ಕೆಟ್ಟುಹೋದದ್ದನ್ನೂ ಒಬ್ಬ ಹುಡುಗ ಸಂಕೋಚವಿಲ್ಲದೆ ಬರೆದಿದ್ದಾನೆ. ನಿಂತು ನಾಲ್ಕು ಮಾತಾಡಲು ಕಾಲು ನಡುಗುತ್ತಿದ್ದ ನಮ್ಮ ಪೀಳಿಗೆಗೆ ಈ ಮಕ್ಕಳ ಧೈರ್ಯ ಹೊಟ್ಟೆಕಿಚ್ಚು ತರುವಂತಿದೆ. ಇದನ್ನು ಶಾಲೆಯೇ ಕಲಿಸಿದೆ ಎಂದು ಒಪ್ಪಲೇಬೇಕು.

ಇಡೀ ಸಂಚಿಕೆಯಲ್ಲಿ ನಿಜವಾದ ಬರಹ ಎನ್ನಬಹುದಾದುದು ಒಂದೇ ಒಂದು. ಅದು ಇಪ್ಪತ್ತೊಂದನೆಯ ಪುಟದಲ್ಲಿ, ಸಣ್ಣಕ್ಷರದಲ್ಲಿ, ಈಜುಸ್ಪರ್ಧೆಯ ಫಲಿತಾಂಶಗಳ ಕೆಳಗಿದೆ. ತಂದೆಯ ಕಾರ್ಖಾನೆ ಕೆಲಸದ ಸಲುವಾಗಿ ಕೊರಿಯಾದಿಂದ ಪುಣೆಗೆ ಬಂದ ಎಂಟನೆಯ ತರಗತಿಯ ಹುಡುಗನೊಬ್ಬ ತನ್ನ ಮೊದಲ ತಿಂಗಳ ಬಗ್ಗೆ ಅರ್ಧ ಪುಟ ಬರೆದಿದ್ದಾನೆ. ಮಧ್ಯಾಹ್ನ ಊಟದ ಮೇಜಿನ ಸುತ್ತ ಕುಳಿತ ಹುಡುಗರು ಮಾತಾಡುವುದು ಅವನಿಗೆ ತಿಳಿಯುತ್ತಿರಲಿಲ್ಲ; ಎಲ್ಲರೂ ನಕ್ಕಾಗ ತಾನೂ ನಗುತ್ತಿದ್ದ, ಆದರೆ ಯಾವಾಗಲೂ ಒಂದು ಗಳಿಗೆ ತಡವಾಗಿ. ಒಂದು ದಿನ ಎಲ್ಲರ ಜೊತೆಗೇ ನಕ್ಕನಂತೆ. ಆ ರಾತ್ರಿ ತಾಯಿಗೆ ತಮ್ಮ ಭಾಷೆಯಲ್ಲಿ ಆ ಹಾಸ್ಯವನ್ನು ಹೇಳಹೋದರೆ ಅದು ಹಾಸ್ಯವಾಗಲೇ ಇಲ್ಲವಂತೆ.

ಓದಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಊರು ಬಿಟ್ಟು ಬಂದ ಯಾವ ಕನ್ನಡಿಗನಿಗೆ ಈ ತಡವಾದ ನಗು ಗೊತ್ತಿಲ್ಲ? ಮರಾಠಿಯಲ್ಲಿ ಸಹೋದ್ಯೋಗಿಗಳು ನಕ್ಕಾಗ ಒಂದು ಗಳಿಗೆ ತಡವಾಗಿ ನಕ್ಕು, ಕ್ರಮೇಣ ಹೊತ್ತಿಗೆ ಸರಿಯಾಗಿ ನಗಲು ಕಲಿತು, ಒಂದು ದಿನ ಮನೆಗೆ ಬಂದು ಹೇಳಹೋದಾಗ ಮಾತು ತೊಡರಿದ್ದು ನಮಗೆಲ್ಲ ಅನುಭವದ ಸಂಗತಿ. ಆ ಹುಡುಗ ಅರ್ಧ ಪುಟದಲ್ಲಿ ಹೇಳಿದ್ದನ್ನು ಸಂಪಾದಕರು ಗುರುತಿಸಲಿಲ್ಲ. ಗುರುತಿಸಿದ್ದರೆ ಅದು ಮೊದಲ ಪುಟಕ್ಕೆ ಬರುತ್ತಿತ್ತು.

ಮೊದಲ ಪುಟದಲ್ಲಿ ಏನಿದೆ? 'ಗ್ಲೋಬಲ್' ಎಂಬ ವಿಶೇಷಣವಿದೆ. ಗ್ಲೋಬಲ್ ನಾಗರಿಕ, ಗ್ಲೋಬಲ್ ದೃಷ್ಟಿ, ಗ್ಲೋಬಲ್ ಊಟದ ಮಳಿಗೆ. ಎಣಿಸಲು ಹೊರಟು ನಡುವೆ ಬಿಟ್ಟೆವು. ಹಳೆಯ ಕಾವ್ಯಗಳಲ್ಲಿ ಪ್ರತಿ ಪಟ್ಟಣವೂ ಅಮರಾವತಿಯೇ ಆಗಿರುತ್ತದಲ್ಲವೆ, ಹಾಗೆ.

ಮಾದರಿ ವಿಶ್ವಸಂಸ್ಥೆಯ ವರದಿಗೆ ಎರಡು ಪುಟಗಳಿವೆ. ಪುಣೆಯ ಹುಡುಗಿಯೊಬ್ಬಳು ಬ್ರೆಜಿಲ್ ದೇಶದ ಪರವಾಗಿ ನದಿಗಳ ಬಗ್ಗೆ ಭಾಷಣ ಮಾಡಿ ಬಹುಮಾನ ಪಡೆದಿದ್ದಾಳೆ. ಇನ್ನೊಬ್ಬರ ಪಕ್ಷವನ್ನು ತನ್ನದೆಂದು ವಾದಿಸುವುದು ಒಳ್ಳೆಯ ಅಭ್ಯಾಸ, ನಮಗೆ ತಕರಾರಿಲ್ಲ. ಆದರೆ ಶಾಲೆಯ ಬಸ್ಸು ದಿನಕ್ಕೆ ಎರಡು ಸಲ ಮುಳಾ-ಮುಠಾ ನದಿಯನ್ನು ದಾಟುತ್ತದೆ. ಮೂಗಿಗೆ ಕರವಸ್ತ್ರ ಹಿಡಿದು ದಾಟುವ ಆ ನದಿಯ ಬಗ್ಗೆ ಇಡೀ ಸಂಚಿಕೆಯಲ್ಲಿ ಒಂದು ಸಾಲೂ ಇಲ್ಲ.

ಸೇವಾ ಪ್ರವಾಸದ ವರದಿಯೂ ಹಾಗೆಯೇ. ಮುಳಶಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿ ಅಲ್ಲಿಯ ಶಾಲೆಯ ಗೋಡೆಗೆ ಬಣ್ಣ ಬಳಿದು ಬಂದಿದ್ದಾರೆ. ಬಣ್ಣ ಬಳಿದಾಗ ತಮಗೆ ಏನನ್ನಿಸಿತು ಎಂದು ಐದು ಮಂದಿ ಬರೆದಿದ್ದಾರೆ. ಹಳ್ಳಿಯವರಿಗೆ ಏನನ್ನಿಸಿತು ಎಂಬುದು ತಿಳಿಯುವುದಿಲ್ಲ. ಆ ಶಾಲೆಯ ಗುರುಗಳ ಹೆಸರಿಲ್ಲ, ಚಹಾ ಮಾಡಿಕೊಟ್ಟ ತಾಯಿಯ ಒಂದು ಮಾತಿಲ್ಲ. ಮಹಾರಾಷ್ಟ್ರದ 2020ರ ಕಾಯ್ದೆಯಂತೆ ಯಾವ ಮಂಡಳಿಗೆ ಸೇರಿದ ಶಾಲೆಯಾದರೂ ಮರಾಠಿ ಕಲಿಸಬೇಕು. ಈ ಮಕ್ಕಳೂ ಕಲಿಯುತ್ತಾರೆ, ಅಂಕ ಪಡೆಯುತ್ತಾರೆ. ಆ ಮರಾಠಿ ಬಾಯಿಗೆ ಬರಬೇಕಾಗಿದ್ದ ಒಂದು ದಿನವೂ ಕುಂಚದಲ್ಲಿಯೇ ಕಳೆದುಹೋಯಿತು.

ಇನ್ನು ಏಳನೆಯ ಪುಟದ 'ಅಂತರರಾಷ್ಟ್ರೀಯ ದಿನ'. ಬಾವುಟ, ಉಡುಪು, ತಿನಿಸು: ಒಂದು ದೇಶವೆಂದರೆ ಈ ಮೂರು. ನುಡಿ ಎಲ್ಲಿ? ಅಜ್ಜಿ ಕೇಳಿದ್ದೂ ಅದನ್ನೇ.

ಇದು ಮುದುಕರ ಗೊಣಗಾಟವೆಂದು ತಳ್ಳಿಹಾಕುವ ಮೊದಲು ಈ 'ಇಂಟರ್‌ನ್ಯಾಷನಲ್' ಎಂಬ ಶಬ್ದ ಶಾಲೆಯ ಹೆಸರಿಗೆ ಹೇಗೆ ಬಂತೆಂದು ನೋಡುವುದು ಒಳ್ಳೆಯದು. ಮೊದಲ ಮಹಾಯುದ್ಧ ಮುಗಿದ ಮೇಲೆ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಲೀಗ್ ಆಫ್ ನೇಷನ್ಸ್ ಎಂಬ ರಾಷ್ಟ್ರಸಂಘವೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ನೆಲೆಯೂರಿದವು. ಅಲ್ಲಿಯ ಕಚೇರಿಗಳಿಗೆ ಹಲವು ದೇಶಗಳಿಂದ ನೌಕರರು ಬಂದರು, ಅವರ ಹಿಂದೆ ಮಕ್ಕಳು ಬಂದರು. ಆ ಕೊರಿಯಾ ಹುಡುಗನಂಥ ಮಕ್ಕಳೇ ಎನ್ನಿ. ಅವರಿಗಾಗಿ 1924ರಲ್ಲಿ ಒಂದು ಶಾಲೆ ತೆರೆಯಿತು. ಮೊದಲು ಸೇರಿದವರು ಎಂಟು ಮಂದಿ ಮಕ್ಕಳು. ಸ್ಥಾಪಕರಲ್ಲಿ ಒಬ್ಬರು ಅಡಾಲ್ಫ್ ಫೆರಿಯೇರ್ ಎಂಬ ಶಿಕ್ಷಣತಜ್ಞರು. ಕಾಯಿಲೆಯಲ್ಲಿದ್ದ ಪತ್ನಿಯ ಚಿಕಿತ್ಸೆಗೆಂದು ಜವಾಹರಲಾಲ ನೆಹರೂ 1926ರಲ್ಲಿ ಜಿನೀವಾಕ್ಕೆ ಹೋಗಿದ್ದಾಗ ಎಂಟು ವರ್ಷದ ಮಗಳು ಇಂದಿರೆಯನ್ನು ಸೇರಿಸಿದ್ದು ಇದೇ ಶಾಲೆಗೆ. 2024ರಲ್ಲಿ ಅದು ನೂರು ವರ್ಷ ಪೂರೈಸಿತು. ಇಂದು ಮೂರು ಆವರಣಗಳಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ಮಕ್ಕಳು ಅಲ್ಲಿ ಓದುತ್ತಾರೆ.

ಆ ಶಾಲೆ ಶುರುವಿನಿಂದಲೂ ಹೊತ್ತುಕೊಂಡ ಭಾರ ಎರಡು ಭಾಷೆಗಳದು: ಇಂಗ್ಲಿಷ್ ಮತ್ತು ಫ್ರೆಂಚ್. ಅದನ್ನು 1929ರಿಂದ ಇಪ್ಪತ್ತು ವರ್ಷ ನಡೆಸಿದ ಮಾರಿ-ತೆರೇಸ್ ಮೊರೆಟ್ ಎಂಬ ಮಹಿಳೆ 1948ರಲ್ಲಿ ಯುನೆಸ್ಕೋಗಾಗಿ ಒಂದು ಪ್ರಬಂಧ ಬರೆದರು. ಶಾಂತಿಯನ್ನು ಪಾಠವಾಗಿ ಕಲಿಸುವ ವಿಧಾನಗಳಿವೆಯೇ ಎಂಬುದು ಅದರ ಪ್ರಶ್ನೆ. ಎರಡು ಮಹಾಯುದ್ಧಗಳ ನೆರಳಿನಲ್ಲಿ ಕೇಳಿದ ಪ್ರಶ್ನೆ ಅದು. ಎರಡನೆಯ ಭಾಷೆಯೊಂದರಲ್ಲಿ ಮಗು ನಿಜವಾಗಿ ಬದುಕಲು ಕಲಿಯಬೇಕು ಎಂಬುದು ಅವರು ಕೊಟ್ಟ ಉತ್ತರಗಳಲ್ಲಿ ಒಂದು. ಇನ್ನೊಬ್ಬನ ಮಾತು ಕಿವಿಗೆ ಬಿದ್ದು ಅರ್ಥವಾಗುವವರೆಗೆ ಅವನ ಬಾವುಟ ಬರಿಯ ಬಟ್ಟೆ ಎಂಬುದನ್ನು ಅವರಿಗೆ ಯುದ್ಧವೇ ಕಲಿಸಿತ್ತೆಂದು ತೋರುತ್ತದೆ.

ಆ ಶಾಲೆಯ ಉಪಾಧ್ಯಾಯರ ಇನ್ನೊಂದು ಚಿಂತೆಯಿಂದ ಹುಟ್ಟಿದ್ದು ಐ.ಬಿ. ಎಂದು ನಮ್ಮ ಮನೆಗಳಲ್ಲಿಯೂ ಕೇಳಿಬರುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್. ತಂದೆಗೆ ವರ್ಗವಾದಾಗ ಮಗುವಿನ ಓದು ಕೆಡಬಾರದು, ಯಾವ ದೇಶದ ವಿಶ್ವವಿದ್ಯಾಲಯವಾದರೂ ಒಪ್ಪುವ ಒಂದೇ ಪರೀಕ್ಷೆ ಬೇಕು ಎಂದು 1960ರ ದಶಕದಲ್ಲಿ ಯೋಚಿಸಿ 1968ರಲ್ಲಿ ಜಿನೀವಾದಲ್ಲಿಯೇ ಅದಕ್ಕೆ ಸಂಸ್ಥೆ ಕಟ್ಟಿದರು. ಭಾರತದಲ್ಲಿ ಅದನ್ನು ಮೊದಲು ತಂದದ್ದು ಕೊಡೈಕನಾಲಿನ ಶಾಲೆ, 1976ರಲ್ಲಿ. 1901ರಲ್ಲಿ ಅಮೆರಿಕನ್ ಮಿಷನರಿಗಳ ಮಕ್ಕಳಿಗಾಗಿ ಆರಂಭವಾದ ಶಾಲೆ ಅದು. ನಮ್ಮ ಪುಣೆಯ ಪಕ್ಕದಲ್ಲಿಯೇ, ಪೌಡ್ ಊರಿನ ಹತ್ತಿರದ ಗುಡ್ಡದ ಮೇಲೆ, 1997ರಿಂದ ಯುನೈಟೆಡ್ ವರ್ಲ್ಡ್ ಕಾಲೇಜು ಇದೆ. ಕರ್ಟ್ ಹಾನ್ ಎಂಬವರ ಪ್ರೇರಣೆಯಿಂದ 1962ರಲ್ಲಿ ವೇಲ್ಸಿನ ಒಂದು ಹಳೆಯ ಕೋಟೆಯಲ್ಲಿ ಶುರುವಾದ ಕಾಲೇಜುಗಳ ಬಳಗ ಅದು. ಹಲವು ದೇಶಗಳಿಂದ ಆರಿಸಿದ ಹದಿಹರೆಯದವರು ಅಲ್ಲಿ ಜೊತೆಯಾಗಿ ವಾಸಿಸಿ ಎರಡು ವರ್ಷ ಓದುತ್ತಾರೆ. ಬೇರೆ ಬೇರೆ ಭಾಷೆಯವರು ಒಂದೇ ಕೋಣೆಯಲ್ಲಿ ರಾತ್ರಿ ದೀಪ ಆರಿಸುವ ಹೊತ್ತಿಗೆ ಜಗಳವಾಡಿ, ಬೆಳಿಗ್ಗೆ ರಾಜಿಯಾಗುವುದೂ ಪಾಠದ ಒಂದು ಭಾಗವೇ.

ಈ ಐ.ಬಿ.ಯ ಪಠ್ಯಕ್ರಮದಲ್ಲಿ ಬಹಳ ತಂದೆತಾಯಿಗಳು ಗಮನಿಸದ ಒಂದು ಸಂಗತಿಯಿದೆ. ಡಿಪ್ಲೊಮಾದ ಆರು ವಿಷಯಗಳ ಗುಂಪುಗಳಲ್ಲಿ ಮೊದಲನೆಯದು ಗಣಿತವೂ ಅಲ್ಲ, ವಿಜ್ಞಾನವೂ ಅಲ್ಲ. ವಿದ್ಯಾರ್ಥಿ ಚೆನ್ನಾಗಿ ಬಲ್ಲ ಭಾಷೆಯ ಸಾಹಿತ್ಯ. ಶಾಲೆಯಲ್ಲಿ ಆ ಭಾಷೆಯ ಉಪಾಧ್ಯಾಯರು ಇಲ್ಲದಿದ್ದರೆ ಶಾಲೆಯ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಯೇ ತನ್ನ ಮಾತೃಭಾಷೆಯ ಸಾಹಿತ್ಯವನ್ನು ಓದಿ ಪರೀಕ್ಷೆಗೆ ಕೂಡುವ ಏರ್ಪಾಟಿದೆ. ಒಂಬತ್ತು ಕೃತಿಗಳನ್ನು ಓದಬೇಕು. ಕೆಲವು ಆ ಭಾಷೆಯವೇ, ಕೆಲವು ಅನುವಾದಗಳು. ಮಾಮೂಲು ಪಟ್ಟಿಯಲ್ಲಿಲ್ಲದ ಭಾಷೆಯಾದರೆ ಶಾಲೆ ಸಾಕಷ್ಟು ಮುಂಚಿತವಾಗಿ ಅರ್ಜಿ ಹಾಕಿ ಅನುಮತಿ ಕೇಳಬೇಕಾಗುತ್ತದೆ. ಎರಡು ಭಾಷೆಗಳನ್ನು ಹೀಗೆ ಮೊದಲ ದರ್ಜೆಯಲ್ಲಿ ಓದಿ ಡಿಪ್ಲೊಮಾ ಪಡೆದವರಿಗೆ ದ್ವಿಭಾಷಾ ಡಿಪ್ಲೊಮಾ ಎಂಬ ಗೌರವವೂ ಸಲ್ಲುತ್ತದೆ. ಅಂತರರಾಷ್ಟ್ರೀಯ ಎಂದರೆ ಮನೆಮಾತನ್ನು ಗೇಟಿನ ಹೊರಗೆ ಬಿಟ್ಟುಬರುವುದು ಎಂದು ಆ ಪಠ್ಯಕ್ರಮ ಮಾಡಿದವರು ಎಂದೂ ತಿಳಿದಿರಲಿಲ್ಲ. ಹಾಗೆ ತಿಳಿದವರು ನಾವು. ನಮ್ಮ ತಿಳಿವಳಿಕೆಗೆ ತಕ್ಕಂತೆ ವಾರ್ತಾಪತ್ರ ಅಚ್ಚು ಹಾಕಿದವರು ಶಾಲೆಯವರು.

ಕನ್ನಡಿಗರಿಗಂತೂ ಹೀಗೆ ತಿಳಿಯಲು ಯಾವ ಕಾರಣವೂ ಇಲ್ಲ. ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಒಬ್ಬರಿಗೆ 1973ರ, ಇನ್ನೊಬ್ಬರಿಗೆ 1983ರ ಜ್ಞಾನಪೀಠ ಬಂದದ್ದು ಕನ್ನಡದ ಬರಹಕ್ಕೆ. ಮನೆಯ ಮಾತನ್ನು ಕಳೆದುಕೊಳ್ಳದೆ ಪಕ್ಕದ ಮಾತನ್ನು ತಮ್ಮದಾಗಿಸಿಕೊಂಡವರು ಇವರು. ಅದೇ ಫರ್ಗ್ಯುಸನ್ನಿನಲ್ಲಿ ಇಂಗ್ಲಿಷ್ ಕಲಿಸಿ, ಆಕ್ಸ್‌ಫರ್ಡಿಗೂ ಹೋಗಿ ಓದಿ ಬಂದ ವಿ. ಕೃ. ಗೋಕಾಕರೇ 1981ರ ವರದಿಯಲ್ಲಿ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದವರು. ಶಿವರಾಮ ಕಾರಂತರು 1930ರ ದಶಕದಲ್ಲಿ 'ಬಾಲಪ್ರಪಂಚ'ವನ್ನು ಹೊರತಂದು ನಕ್ಷತ್ರಗಳಿಂದ ಹಿಡಿದು ಜೀವಜಂತುಗಳವರೆಗೆ ಜಗತ್ತನ್ನೆಲ್ಲ ಕನ್ನಡದ ಮಕ್ಕಳ ಮುಂದಿಟ್ಟರು. ಜಗತ್ತು ಕನ್ನಡದ ಬಾಗಿಲಿನಿಂದಲೂ ಒಳಗೆ ಬರುತ್ತದೆ. ಬಾಗಿಲು ತೆರೆದಿರಬೇಕು, ಅಷ್ಟೆ.

ಇಲ್ಲಿಗೆ ನಿಲ್ಲಿಸಿದರೆ ವಾಚಕರು ತಲೆದೂಗಿಯಾರು. ಆದರೆ ವಿಮರ್ಶಕರಿಗೆ ಇನ್ನೊಂದು ಕರ್ತವ್ಯವಿದೆ. ಶಾಲೆಯ ವಾರ್ತಾಪತ್ರವನ್ನು ಬದಿಗಿಟ್ಟು ನಮ್ಮದೇ ಈ ಪತ್ರಿಕೆಯ ಹಿಂದಿನ ಮೂರು ಸಂಚಿಕೆಗಳನ್ನು ಅದೇ ಕಣ್ಣಿನಿಂದ ನೋಡಿದೆವು. ಶಾಲು ಹೊದಿಸಿದ ಚಿತ್ರಗಳು, ಹಣ್ಣಿನ ಬುಟ್ಟಿ ಹಿಡಿದ ಅತಿಥಿಗಳು, ದೀಪ ಬೆಳಗಿದ ಗಣ್ಯರು. ಮಕ್ಕಳ ಪುಟ ತೆರೆದರೆ ರಾಜ್ಯೋತ್ಸವದ ವೇಷಸ್ಪರ್ಧೆ: ಖಡ್ಗ ಹಿಡಿದ ಕಿತ್ತೂರು ಚೆನ್ನಮ್ಮ, ಒನಕೆ ಹಿಡಿದ ಓಬವ್ವ. ಆ ದಿನ ನಾವು ಸಭಾಂಗಣದಲ್ಲಿಯೇ ಇದ್ದೆವು. ಚೆನ್ನಮ್ಮ ನಾಲ್ಕು ಸಾಲು ಒಪ್ಪಿಸಬೇಕಿತ್ತು. ಎರಡನೆಯ ಸಾಲಿಗೆ ತೊಡರಿ, ಕೈಯಲ್ಲಿದ್ದ ಚೀಟಿ ನೋಡಿದಳು. ಆ ಚೀಟಿಯಲ್ಲಿ ಕನ್ನಡದ ಸಾಲುಗಳನ್ನು ತಾಯಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದರು. ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದೆವು. ಅಜ್ಜಿ ಅಂದು ಅಲ್ಲಿದ್ದಿದ್ದರೆ ಇಲ್ಲಿಯೂ ಗೊಂಬೆಯನ್ನೇ ಕಾಣುತ್ತಿದ್ದರು. ಶಾಲೆ ನಮ್ಮ ಮಕ್ಕಳನ್ನು ವರ್ಷಕ್ಕೆ ಒಂದು ದಿನ ಕನ್ನಡದ ಉಡುಪಿನಲ್ಲಿ ನಿಲ್ಲಿಸುತ್ತದೆ. ನಾವು ನಿಲ್ಲಿಸುವುದೂ ಒಂದೇ ದಿನ.

ತಂದೆತಾಯಿಗಳನ್ನು ದೂರುವುದು ಸುಲಭ, ನ್ಯಾಯವಲ್ಲ. ಮೂರು ವರ್ಷ ಪುಣೆ, ಎರಡು ವರ್ಷ ಗುರುಗ್ರಾಮ, ಆಮೇಲೆ ಸಿಂಗಪುರವೋ ಇನ್ನೆಲ್ಲಿಯೋ. ಮಗುವಿನ ಓದು ಒಂದೇ ಹಳಿಯ ಮೇಲೆ ನಡೆಯಲೆಂದು ಲಕ್ಷಗಟ್ಟಲೆ ಶುಲ್ಕ ಕಟ್ಟುವವರು ಶೋಕಿಗಾಗಿ ಕಟ್ಟುತ್ತಿಲ್ಲ. ಮಗು ಹಿಂದುಳಿದೀತೆಂಬ ಭಯ ನಿಜವಾದದ್ದು. ಅದರ ಜೊತೆಗೆ ಇನ್ನೊಂದು ಭಯವೂ ನಮಗಿರಬೇಕಿತ್ತು. ಇನ್ನು ಐದು ವರ್ಷದಲ್ಲಿ ಆ ಅಜ್ಜಿ ಮತ್ತು ಮೊಮ್ಮಗಳು ಒಂದೇ ಸೋಫಾದ ಮೇಲೆ ಕುಳಿತು, 'ಊಟ ಆಯ್ತಾ' ಎಂಬ ಮಾತಿನಾಚೆಗೆ ಹೇಳಿಕೊಳ್ಳಲು ಏನೂ ಇಲ್ಲದೆ, ಟಿ.ವಿ. ನೋಡುವ ದಿನ ಬಂದೀತೆಂಬ ಭಯ. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ತೂಕಡಿಸುತ್ತ ಓದಿದ ಹುಡುಗರಿದ್ದರು. ಊರಿಗೆ ಕನ್ನಡದಲ್ಲಿ ಕಾಗದ ಬರೆದು, ಗಿರಾಕಿಗಳೊಡನೆ ಮರಾಠಿ, ಹಿಂದಿ ಆಡಿ, ಪರೀಕ್ಷೆಗೆ ಇಂಗ್ಲಿಷ್ ಕಲಿತರು. ಅವರ ಬಡತನವನ್ನು ಹೊಗಳಬೇಕಿಲ್ಲ. ನಾಲ್ಕು ಭಾಷೆ ಒಂದು ತಲೆಗೆ ಭಾರವಲ್ಲ ಎಂಬುದಕ್ಕೆ ಅವರ ಸಾಕ್ಷಿ ಸಾಕು.

ವಿಮರ್ಶೆಯ ಕೊನೆಗೆ ಸಲಹೆ ಕೊಡುವ ವಾಡಿಕೆಯಿದೆ. ನಾವೂ ಎರಡು ಕೊಡುತ್ತೇವೆ. ಮಕ್ಕಳು ಐ.ಬಿ. ಶಾಲೆಯಲ್ಲಿದ್ದರೆ ಮುಂದಿನ ಪೋಷಕರ ಸಭೆಯಲ್ಲಿ ಕನ್ನಡ ಸಾಹಿತ್ಯವನ್ನು ಮೊದಲ ಭಾಷೆಯಾಗಿ ಓದಿಸಲು ಏನು ಮಾಡಬೇಕೆಂದು ಕೇಳಿರಿ. ಹನ್ನೊಂದನೆಯ ತರಗತಿಗೆ ಬಂದ ಮೇಲೆ ಕೇಳಿದರೆ ತಡ; ಅಷ್ಟು ಹೊತ್ತಿಗೆ ಮಗು ಕನ್ನಡ ಓದಬಲ್ಲದಾಗಿರಬೇಕಲ್ಲ. ಒಂಬತ್ತು ಪುಸ್ತಕಗಳು ನಮ್ಮ ಸಂಘದ ಗ್ರಂಥಾಲಯದ ಬೀರುವಿನಲ್ಲಿ ಖಂಡಿತ ಸಿಗುತ್ತವೆ. ಜೊತೆಗೆ ಕುಳಿತು ಓದಿಸುವ ನಿವೃತ್ತ ಮೇಷ್ಟ್ರುಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಎರಡನೆಯದು ನಮ್ಮ ಕಾರ್ಯಕಾರಿ ಸಮಿತಿಗೆ: ಈ ಸಲದ ರಾಜ್ಯೋತ್ಸವದಲ್ಲಿ ವೇಷಸ್ಪರ್ಧೆ ಬಿಟ್ಟು ಅದರ ಜಾಗದಲ್ಲಿ ಮಕ್ಕಳು ಐದು ನಿಮಿಷ ಕನ್ನಡದಲ್ಲಿ ಮಾತಾಡಲಿ. ಮರಾಠಿ ಬೆರೆಯಲಿ, ಇಂಗ್ಲಿಷ್ ಬೆರೆಯಲಿ, ತೊಡರಲಿ. ತಮ್ಮ ಶಾಲೆಯ ಸುದ್ದಿಯನ್ನೇ ಹೇಳಲಿ. ಆ ಕೊರಿಯಾ ಹುಡುಗನಂತೆ ಒಬ್ಬರಾದರೂ ನಿಜ ಹೇಳಿದರೆ ಅದನ್ನು ನಮ್ಮ ಪತ್ರಿಕೆಯ ಮೊದಲ ಪುಟದಲ್ಲಿಯೇ ಅಚ್ಚು ಹಾಕುವಂತೆ ಸಂಪಾದಕರನ್ನು ನಾವು ಒತ್ತಾಯಿಸುತ್ತೇವೆ.

ವಾರ್ತಾಪತ್ರವನ್ನು ಮೊನ್ನೆ ಮಿತ್ರರ ಮನೆಗೆ ಹಿಂತಿರುಗಿಸಲು ಹೋದಾಗ ಅಜ್ಜಿ ಇನ್ನೂ ಧಾರವಾಡಕ್ಕೆ ಮರಳಿರಲಿಲ್ಲ. ಮೊಮ್ಮಗಳು ಇಪ್ಪತ್ತೊಂದನೆಯ ಪುಟ ತೆರೆದು, ಊಟದ ಮೇಜಿನ ಕಥೆಯನ್ನು ತನ್ನ ಹರಕುಮುರುಕು ಕನ್ನಡದಲ್ಲಿ ಅಜ್ಜಿಗೆ ಹೇಳತೊಡಗಿದಳು. ಎರಡು ಕಡೆ ಪದ ಸಿಗದೆ ತಾಯಿಯ ಮುಖ ನೋಡಿದಳು. ಕೇಳಿ ಮುಗಿದ ಮೇಲೆ ಅಜ್ಜಿ ಒಂದೇ ಮಾತು ಕೇಳಿದರು: "ಪಾಪ, ಈಗ ಆ ಹುಡಗನ ಸಂಗಾಟ ಯಾರು ಕೂತು ಉಣ್ತಾರ?"

ಹುಡುಗಿಗೆ ಗೊತ್ತಿರಲಿಲ್ಲ. ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಎಂದಳು.